ಮನೆಯಲ್ಲೇ ಹಬೆಸ್ನಾನ: ಬಚ್ಚಲ ಬಂಬ ಕಲಿಸುವ ಹನ್ನೆರಡು ಸೂತ್ರಗಳು

ಕಬ್ಬಿನ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಕಾಗವಾಡ ಭಾಗದ ದುಡಿಯುವ ಮೈಗಳಿಗೆ ಬಿಡುವಿಲ್ಲ. ಕಬ್ಬು ಕಡಿದವರ ಭುಜ, ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವವರ ಸೊಂಟ, ಅಥಣಿಯಲ್ಲಿ ನೆಲದ ಮೇಲೆ ಕೂತು ಚಪ್ಪಲಿ ಹೊಲಿಯುವವರ ಮೊಣಕಾಲು, ಇವೆಲ್ಲಕ್ಕೂ ನಮ್ಮ ಹಿರಿಯರು ಹೇಳುತ್ತಿದ್ದ ಉಪಾಯ ಒಂದೇ: ಎಣ್ಣೆ ತಿಕ್ಕಿಕೊಂಡು, ಬಚ್ಚಲಲ್ಲಿ ನೀರು ಕಾಯಿಸುವ ಬಂಬದ ಬಿಸಿನೀರು ಹುಯ್ದುಕೊಳ್ಳುವುದು. ಈಗ ಅದೇ ಸುಖವನ್ನು ಹುಡುಕಿ ಹಲವರು ಮನೆಗೆ ಹಬೆಯ ಪೆಟ್ಟಿಗೆ ತರುತ್ತಿದ್ದಾರೆ. ತರುವುದು ಒಂದು ದಿನದ ಕೆಲಸ. ಬಾಳಿಸುವುದು ದಿನದಿನದ ಕೆಲಸ. ಬಂಬವನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದ ಮನೆಯಲ್ಲಿ ಅದು ಎರಡು ತಲೆಮಾರು ಬಾಳಿತು. ಹಬೆಯ ಪೆಟ್ಟಿಗೆಯೂ ಕೇಳುವುದು ಅಷ್ಟೇ ಕಾಳಜಿಯನ್ನು.

1. ಸೌನಾ ಬೇರೆ, ಹಬೆ ಬೇರೆ

ಎರಡೂ ಒಂದೇ ಎಂದು ಮಾರುವವರಿದ್ದಾರೆ. ಫಿನ್ಲೆಂಡಿನ ಸೌನಾ ಒಣ ಬಿಸಿ. ಕಟ್ಟಿಗೆಯ ಕೋಣೆಯಲ್ಲಿ 70ರಿಂದ 100 ಡಿಗ್ರಿ ಕಾವು, ತೇವ ತೀರ ಕಡಿಮೆ. ಹಬೆಯ ಪೆಟ್ಟಿಗೆಯಲ್ಲಿ ಕಾವು 40ರಿಂದ 50 ಡಿಗ್ರಿಯ ಆಸುಪಾಸು, ತೇವ ಮಾತ್ರ ತುಂಬಿ ತುಳುಕುತ್ತದೆ. ತೇವವಿರುವಲ್ಲಿ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಅದಕ್ಕೇ ಕಡಿಮೆ ಕಾವಿನಲ್ಲೂ ಬೇಗ ಬಿಸಿಯೇರುತ್ತದೆ. ಫಿನ್ಲೆಂಡಿನಲ್ಲಿ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೆಚ್ಚು ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದ ಕಾಯಿಲೆಯ ಸಾವು ಕಡಿಮೆ ಕಂಡುಬಂದಿತ್ತು. ಅದು ಒಣ ಸೌನಾದ ಮಾತು. ಅದನ್ನು ತೋರಿಸಿ ಹಬೆ ತುಂಬುವ ಬಟ್ಟೆಯ ಡೇರೆ ಮಾರಲು ಬಂದರೆ ಒಪ್ಪಬೇಡಿ.

2. ಪೆಟ್ಟಿಗೆಗಿಂತ ಮೊದಲು ಮೈಯನ್ನು ಕೇಳಿ

ಹಬೆ ನಮಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿ ಬೆವರಿಸುವ ಚಿಕಿತ್ಸೆಗೇ ಮೀಸಲು. ಬೆಂಕಿಯ ಕಾವಿನಿಂದ ಬೆವರಿಸುವ 13 ಬಗೆಗಳನ್ನು ಅಲ್ಲಿ ಹೇಳಿದೆ. ಅದರಲ್ಲಿ ಒಂದಾದ ಜೇಂತಾಕಕ್ಕೆ ನಡುವೆ ಒಲೆಯಿರುವ ದುಂಡು ಮನೆಯನ್ನೇ ಕಟ್ಟಬೇಕು. ಯಾರಿಗೆ ಮಾಡಬಾರದು ಎಂಬ ಪಟ್ಟಿಯೂ ಅದೇ ಅಧ್ಯಾಯದಲ್ಲಿದೆ: ಗರ್ಭಿಣಿಯರು, ನಿತ್ಯ ಮದ್ಯ ಕುಡಿಯುವವರು, ರಕ್ತಸ್ರಾವದ ರೋಗಿಗಳು, ಮಧುಮೇಹಿಗಳು, ಹಸಿದವರು, ಬಾಯಾರಿದವರು. ಇಂದಿನ ವೈದ್ಯರ ಮಾತೂ ಇದರ ಹತ್ತಿರವೇ ಇದೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಮೂರ್ಛೆರೋಗ, ಜ್ವರ ಇದ್ದರೆ ಕೂರಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಬಿ.ಪಿ. ಮಾತ್ರೆ ತಿನ್ನುವ ಹಿರಿಯರಿದ್ದರೆ, ದುಡ್ಡು ಕೊಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

3. ಮನೆಗೆ ತಕ್ಕ ಮಾದರಿ ಆರಿಸಿ

ಮೂರು ಬಗೆ ಸಿಗುತ್ತವೆ. ಮಡಚಿಡುವ ಬಟ್ಟೆಯ ಡೇರೆ ಮತ್ತು ಹೊರಗಿಡುವ ಹಬೆಯ ಪಾತ್ರೆ ಅಗ್ಗದ್ದು, ಸಣ್ಣ ಮನೆಗೆ ಸರಿ. ತಲೆ ಹೊರಗಿಟ್ಟು ಕೂರುವ ಫೈಬರ್ ಪೆಟ್ಟಿಗೆ ಎರಡನೆಯದು. ಪ್ರಕೃತಿ ಚಿಕಿತ್ಸಾಲಯಗಳಲ್ಲಿ ನೀವು ನೋಡಿರುವುದು ಇದನ್ನೇ. ಬಾಳಿಕೆ ಹೆಚ್ಚು, ಜಾಗವೂ ಹೆಚ್ಚು ಬೇಕು. ಬಚ್ಚಲನ್ನೇ ಹಬೆಯ ಕೋಣೆಯಾಗಿ ಮಾಡುವುದು ಮೂರನೆಯದು. ಅದಕ್ಕೆ ಛತ್ತಿನವರೆಗೂ ಟೈಲ್ಸ್, ಗಾಳಿಯಾಡದ ಬಾಗಿಲು, ಹನಿ ತಲೆಯ ಮೇಲೆ ಬೀಳದಂತೆ ಇಳಿಜಾರಿನ ಛತ್ತು, ಹಲವು ಕಿಲೋವ್ಯಾಟ್ ಯಂತ್ರ ಬೇಕು. ಹೊಸ ಮನೆ ಕಟ್ಟುವವರಷ್ಟೇ ಆ ಯೋಚನೆ ಮಾಡಲಿ. ನಮ್ಮ ಸೆಕೆಯ ನಾಡಿಗೆ ತಲೆ ಹೊರಗಿರುವ ಮಾದರಿಯೇ ಮೇಲು. ಉಸಿರಿಗೆ ತಂಪು ಗಾಳಿ ಸಿಗುತ್ತದೆ, ಮನೆಯವರಿಗೆ ನಿಮ್ಮ ಮುಖವೂ ಕಾಣುತ್ತದೆ.

4. ಬೆಲೆಗಿಂತ ಬಿಡಿಭಾಗ ಕೇಳಿ

ಕಾಗವಾಡ, ಅಥಣಿಯವರಿಗೆ ಮಿರಜ, ಸಾಂಗ್ಲಿ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಪೇಟೆ ಯಾವುದಾದರೂ ಸರಿ, ಅಂಗಡಿಯಲ್ಲಿ ಈ ಐದು ಪ್ರಶ್ನೆ ಕೇಳಿ: ನೀರು ಕಾಯಿಸುವ ಕಾಯಿಲ್ ಕೆಟ್ಟರೆ ಬೇರೆ ಸಿಗುತ್ತದೆಯೇ? ರಬ್ಬರ್ ವಾಷರ್, ಹಬೆಯ ಕೊಳವೆ ಬಿಡಿಯಾಗಿ ಸಿಗುತ್ತವೆಯೇ? ನೀರು ಮುಗಿದರೆ ಯಂತ್ರ ತಾನೇ ನಿಲ್ಲುತ್ತದೆಯೇ? ಜಿಪ್ ಒಳಗಿನಿಂದಲೂ ತೆರೆಯುತ್ತದೆಯೇ? ಕುರ್ಚಿ ಎಷ್ಟು ಕಿಲೋ ತಡೆಯುತ್ತದೆ? ಮೂರನೆಯ ಅಥವಾ ನಾಲ್ಕನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅಂಗಡಿ ಇಳಿದುಬನ್ನಿ. ಜಿಎಸ್‌ಟಿ ಬಿಲ್, ವಾರಂಟಿ ಚೀಟಿ ಇಲ್ಲದೆ ದುಡ್ಡು ಕೊಡಬೇಡಿ.

5. ಕರೆಂಟಿಗೆ ಪ್ರತ್ಯೇಕ ದಾರಿ ಮಾಡಿ

1500 ವ್ಯಾಟ್ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರ್ ಸಾಕೆಟ್, ದಪ್ಪ ತಂತಿ, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್), ಈ ನಾಲ್ಕೂ ಇರಲೇಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ತೋಟದ ಮನೆಗಳಲ್ಲಿ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಬೀಳುವುದುಂಟು. 180 ವೋಲ್ಟ್‌ಗೆ ಇಳಿದರೆ 1500 ವ್ಯಾಟ್ ಯಂತ್ರ ಕೊಡುವುದು ಸುಮಾರು 920 ವ್ಯಾಟ್ ಕಾವು ಮಾತ್ರ. ಹಬೆ ಬರಲಿಲ್ಲ ಎಂದು ಯಂತ್ರವನ್ನು ದೂರುವ ಮೊದಲು ಮೋಟರ್ ನಿಲ್ಲಿಸಿ ನೋಡಿ. ಒದ್ದೆ ಕೈಯಿಂದ ಸ್ವಿಚ್ ಮುಟ್ಟುವ ಪ್ರಸಂಗವೇ ಬಾರದಂತೆ ಯಂತ್ರವನ್ನು ಕೂರುವ ಜಾಗದಿಂದ ದೂರವಿಡಿ.

6. ಯೂನಿಟ್ ಲೆಕ್ಕ ಬರೆದಿಡಿ

1500 ವ್ಯಾಟ್ ಯಂತ್ರ ಅರ್ಧ ಗಂಟೆ ಓಡಿದರೆ ಮುಕ್ಕಾಲು ಯೂನಿಟ್. ತಿಂಗಳಿಗೆ 12 ಸಲವಾದರೆ 9 ಯೂನಿಟ್. ಒಬ್ಬರಿಗೆ ಇದು ಭಾರವಲ್ಲ, ಮನೆಮಂದಿಯೆಲ್ಲ ಕೂತರೆ ಲೆಕ್ಕ ಬೆಳೆಯುತ್ತದೆ. 2023ರಲ್ಲಿ ಶುರುವಾದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಯ ಉಚಿತ ಮಿತಿ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಮಿತಿಯ ಮೇಲಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ನಿಮ್ಮ ಮಿತಿ ಎಷ್ಟೆಂದು ಹೆಸ್ಕಾಂ ಬಿಲ್‌ನಲ್ಲಿ ನೋಡಿಕೊಳ್ಳಿ. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂತರೆ ನೀರು ಕಾಯಿಸುವ ಖರ್ಚು ಒಮ್ಮೆ ಉಳಿಯುತ್ತದೆ.

7. ನೀರು ನೋಡಿ ಹಾಕಿ

ಕೃಷ್ಣೆಯ ದಂಡೆಯ ಹೊಲಗಳಲ್ಲಿ ಸವಳು-ಜವಳು ಕಂಡವರಿಗೆ ನೀರಿನ ಉಪ್ಪಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಹಬೆಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣದಂಶ ಪಾತ್ರೆಯಲ್ಲೇ ಉಳಿದು ಕಾಯಿಲ್‌ಗೆ ಬಿಳಿ ಹೊದಿಕೆಯಾಗುತ್ತದೆ. ಗಡಸು ಬೋರ್‌ವೆಲ್ ನೀರು ಹಾಕಿದಷ್ಟೂ ಯಂತ್ರದ ಆಯುಷ್ಯ ಕಡಿಮೆ. ಸೋಸಿದ ಮಳೆನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರು ಉತ್ತಮ. ಒಂದು ಎಚ್ಚರ: ಕೆಲವು ಯಂತ್ರಗಳಲ್ಲಿ ಕಾಯಿಲ್ ಇರುವುದಿಲ್ಲ, ನೀರಿನ ಮೂಲಕವೇ ಕರೆಂಟು ಹರಿದು ಕಾವು ಹುಟ್ಟುತ್ತದೆ. ತೀರ ಶುದ್ಧ ನೀರಿನಲ್ಲಿ ಅವು ಕೆಲಸ ಮಾಡುವುದಿಲ್ಲ. ಯಾವ ನೀರು ಹಾಕಬೇಕೆಂದು ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ನೋಡಿ.

8. ಕೂರುವ ಮುನ್ನ ಕೊಳವೆಯ ಬಾಯಿ ನೋಡಿ

ಹಬೆಸ್ನಾನದಲ್ಲಿ ಆಗುವ ದೊಡ್ಡ ಅನಾಹುತ ಸುಟ್ಟಗಾಯ. ಕೊಳವೆಯ ಬಾಯಲ್ಲಿ ಹಬೆ 100 ಡಿಗ್ರಿಯಷ್ಟೇ ಬಿಸಿ. ಅದು ಚರ್ಮಕ್ಕೆ ತಾಗಿ ನೀರಾಗುವಾಗ ಒಳಗಿನ ಕಾವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಅದಕ್ಕೇ ಕುದಿನೀರಿಗಿಂತ ಜೋರಾಗಿ ಸುಡುತ್ತದೆ. ಕೊಳವೆಯ ಬಾಯಿ ಕಾಲಿನಿಂದ ದೂರ, ಜಾಲರಿ ಹಾಕಿದ ಸ್ಥಿತಿಯಲ್ಲಿರಲಿ. ಅಕಸ್ಮಾತ್ ಸುಟ್ಟರೆ 20 ನಿಮಿಷ ಹರಿಯುವ ತಂಪು ನೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಎಣ್ಣೆ ಹಚ್ಚಬೇಡಿ. ಸಣ್ಣ ಮಕ್ಕಳನ್ನು ಆ ಕೋಣೆಗೇ ಬಿಡಬೇಡಿ.

9. ಐದು ನಿಮಿಷದಿಂದ ಶುರುಮಾಡಿ

ಊಟವಾಗಿ ಎರಡು ಗಂಟೆ ಕಳೆದಿರಲಿ. ಒಂದು ಲೋಟ ನೀರು ಕುಡಿದು, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂರಿ. ಎರಡು ಲೀಟರ್ ನೀರು ಕುದಿಯಲು 1500 ವ್ಯಾಟ್ ಯಂತ್ರಕ್ಕೆ ಏಳೆಂಟು ನಿಮಿಷ ಬೇಕು. ಹಬೆ ಬರತೊಡಗಿದ ಮೇಲೆ ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು, ರೂಢಿಯಾದವರಿಗೂ ಹದಿನೈದು ಸಾಕು. ಚಳಿ, ನೋವು, ಬಿಗಿತ, ಭಾರ ಇಳಿದು ಮೈ ಮೆತ್ತಗಾದಾಗ ನಿಲ್ಲಿಸಬೇಕು ಎಂಬ ಚರಕನ ಅಳತೆ ಗಡಿಯಾರಕ್ಕಿಂತ ಒಳ್ಳೆಯದು. ತಲೆ ಸುತ್ತಿದರೆ, ಎದೆ ಬಡಿದರೆ, ಕಣ್ಣು ಕತ್ತಲಾದರೆ ಆ ಕ್ಷಣವೇ ಹೊರಬನ್ನಿ. ಹಿರಿಯರು ಕೂತಾಗ ಒಬ್ಬರು ಪಕ್ಕದಲ್ಲಿರಲಿ.

10. ತಪ್ಪಲ ಹಾಕಿ, ಪಾತ್ರೆಗೆ ಮಾತ್ರ ಬೇಡ

ಮೈಕೈ ನೋವಿಗೆ ಲಕ್ಕಿ ತಪ್ಪಲ ಹಾಕಿ ನೀರು ಕಾಯಿಸುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಕಿಲ್ಲ. ತಪ್ಪಲವನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಹಬೆ ಹಾಯುವ ಬುಟ್ಟಿಯಲ್ಲಿಡಿ. ನೀಲಗಿರಿ ಎಣ್ಣೆಯಾದರೆ ಎರಡು ಹನಿ ಸಾಕು, ಅದೂ ಅದಕ್ಕೆಂದೇ ಕೊಟ್ಟ ಬಟ್ಟಲಲ್ಲಿ. ಕುದಿಯುವ ಪಾತ್ರೆಗೆ ಎಣ್ಣೆ, ಉಪ್ಪು, ಸೊಪ್ಪು ಹಾಕಿದರೆ ನೊರೆಯೆದ್ದು ಬಿಸಿನೀರು ಕೊಳವೆಯಿಂದ ಮೈಮೇಲೆ ಚಿಮ್ಮುತ್ತದೆ. ಕರ್ಪೂರ ಬೇಡ, ಅದು ಮಕ್ಕಳಿಗೆ ವಿಷ, ಬೆಂಕಿಗೂ ಬೇಗ ಸಿಗುತ್ತದೆ. ಎಣ್ಣೆ ತಿಕ್ಕಿಕೊಂಡು ಕೂರುವುದಿದ್ದರೆ ಕುರ್ಚಿಯ ಮೇಲೆ ಹಳೆಯ ಹತ್ತಿ ಸೀರೆ ಹಾಸಿ. ಇಲ್ಲವಾದರೆ ಡೇರೆಯ ಬಟ್ಟೆ ಜಿಡ್ಡು ಹಿಡಿದು ನಾರುತ್ತದೆ.

11. ಹೊರಬಂದ ಮೇಲೆ ಮೈಗೂ ಯಂತ್ರಕ್ಕೂ ಆರೈಕೆ

ಎದ್ದ ಕೂಡಲೇ ಫ್ಯಾನಿನಡಿ ನಿಲ್ಲಬೇಡಿ, ಹತ್ತು ನಿಮಿಷ ಕೂತು, ಉಗುರುಬೆಚ್ಚಗಿನ ನೀರು ಹುಯ್ದುಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯ ಪಾನೀಯ ಬೇರೆ ಬೇಕಿಲ್ಲ. ತೂಕದ ಕಾಟಾ ಅರ್ಧ ಕಿಲೋ ಕಡಿಮೆ ತೋರಿಸಿದರೆ ಅದು ಕೊಬ್ಬಲ್ಲ, ಬೆವರು. ನೀರು ಕುಡಿದರೆ ಮರಳುತ್ತದೆ. ಮೈಯ ವಿಷವೆಲ್ಲ ಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಆ ಕೆಲಸ ಮಾಡುವುದು ಮೂತ್ರಪಿಂಡ ಮತ್ತು ಯಕೃತ್ತು. ಹಬೆ ಕೊಡುವುದು ಬಿಗಿದ ಸ್ನಾಯುಗಳಿಗೆ ಸಡಿಲ, ಮನಸ್ಸಿಗೆ ಹಗುರ. ದುಡಿದ ಮೈಗೆ ಅದು ಸಣ್ಣ ಲಾಭವಲ್ಲ.

ಇನ್ನು ಯಂತ್ರ. ಪ್ಲಗ್ ತೆಗೆದು, ಆರಿದ ಮೇಲೆ ಉಳಿದ ನೀರು ಚೆಲ್ಲಿ. ರಾತ್ರಿಯಿಡೀ ನೀರು ನಿಲ್ಲಬಾರದು. ಡೇರೆಯನ್ನು ಒಣಬಟ್ಟೆಯಿಂದ ಒರೆಸಿ, ಎಲ್ಲ ಜಿಪ್ ತೆರೆದು ಮಾಳಿಗೆಯ ಮೇಲೆ ಹರಡಿ. ಒದ್ದೆಯಲ್ಲೇ ಮಡಚಿದರೆ ಬೂಷ್ಟು ಹಿಡಿಯುತ್ತದೆ, ಬಹಳಷ್ಟು ಡೇರೆಗಳು ಹಾಳಾಗುವುದು ಈ ಒಂದು ಸೋಮಾರಿತನದಿಂದ. ತಿಂಗಳಿಗೊಮ್ಮೆ, ಗಡಸು ನೀರಾದರೆ ಹದಿನೈದು ದಿನಕ್ಕೊಮ್ಮೆ, ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಪಾತ್ರೆಗೆ ಹಾಕಿ, ಬೆಚ್ಚಗೆ ಮಾಡಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ, ಮೂರು ಸಲ ತೊಳೆಯಿರಿ. ಲಿಂಬೆಹಣ್ಣಿನ ರಸವೂ ಆದೀತು. ಚಾಕುವಿನಿಂದ ಕೆರೆಯಬೇಡಿ, ಕಾಯಿಲ್ ತೂತಾಗುತ್ತದೆ.

12. ಋತು ನೋಡಿ, ಹೊಳೆ ನೋಡಿ

ಆಷಾಢದ ಜಿಟಿಜಿಟಿಯಿಂದ ಶಿವರಾತ್ರಿಯ ಚಳಿ ಹೋಗುವವರೆಗೆ ಹಬೆಯ ಕಾಲ. ಅಥಣಿಯ ಏಪ್ರಿಲ್-ಮೇ ಬಿಸಿಲಲ್ಲಿ ಹೊಲದಿಂದ ಬಂದವರ ಮೈ ಮೊದಲೇ ನೀರು ಕಳೆದುಕೊಂಡಿರುತ್ತದೆ. ಆಗ ಪೆಟ್ಟಿಗೆಗೆ ರಜೆ ಕೊಡಿ. ಚೆನ್ನಾಗಿ ಒಣಗಿಸಿ, ಕೊಳವೆಯನ್ನು ಇಲಿಗೆ ಸಿಗದಂತೆ ಡಬ್ಬಿಯಲ್ಲಿ ಮುಚ್ಚಿಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿ ಊರೊಳಗೆ ಬಂದದ್ದು ಯಾರಿಗೂ ಮರೆತಿಲ್ಲ. ಹೊಳೆದಂಡೆಯ ಮನೆಯವರು ಮಳೆಗಾಲದಲ್ಲಿ ಬಳಸಿದ ಮೇಲೆ ಯಂತ್ರವನ್ನು ಅಟ್ಟದ ಮೇಲಿಡಲಿ. ನೀರಲ್ಲಿ ಮುಳುಗಿದ್ದನ್ನು ಬಿಸಿಲಿಗೆ ಒಣಗಿಸಿ ಹಾಗೆಯೇ ಚಾಲೂ ಮಾಡಬೇಡಿ. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ ಸರಿ ಎಂದ ಮೇಲೆಯೇ ಪ್ಲಗ್ ಹಾಕಿ.

ಬಂಬಕ್ಕೆ ಉರಿ ಹಾಕುವ ಮೊದಲು ನೀರಿದೆಯೇ ಎಂದು ಅಮ್ಮ ಕೈಯಾರೆ ನೋಡುತ್ತಿದ್ದರು. ಸ್ನಾನವಾದ ಮೇಲೆ ಬೂದಿ ತೆಗೆಯುತ್ತಿದ್ದರು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು. ನೀರು ನೋಡು, ಒಣಗಿಸಿಡು, ಸುಣ್ಣ ತೆಗೆ. ಯಂತ್ರದ ಪುಸ್ತಿಕೆಯಲ್ಲಿ ಅಚ್ಚಾಗಿರುವುದೂ ಈ ಮೂರೇ ಮಾತು. ಬಚ್ಚಲಲ್ಲಿ ಕಲಿತ ಆ ರೂಢಿಯನ್ನು ಇಂದು ಸಂಜೆಯೇ ನಿಮ್ಮ ಹಬೆಯ ಪೆಟ್ಟಿಗೆಗೂ ಶುರುಮಾಡಿ.