ಸಂಘದ ಸದಸ್ಯನು ತಪ್ಪು ಮಾಡಿದರೆ ಏನು ಮಾಡಬೇಕು?



ನಮ್ಮ ಹಳ್ಳಿಗಳಲ್ಲಿ ರೈತ ಸಂಘ, ಯುವಕ ಸಂಘ, ಮಹಿಳಾ ಮಂಡಲಗಳನ್ನು ಉತ್ಸಾಹದಿಂದ ಕಟ್ಟುತ್ತೇವೆ. ಆದರೆ ಸದಸ್ಯನೊಬ್ಬನ ಮೇಲೆ ದೂರು ಬಂದಾಗ ಅದನ್ನು ವಿಚಾರಿಸುವ ಕ್ರಮ ತಿಳಿಯದೆ ಎಷ್ಟೋ ಸಂಘಗಳು ಒಡೆಯುತ್ತವೆ. ಕೆಲವರು “ನಮ್ಮವನೇ ತಾನೆ, ಬಿಡಿ” ಎಂದು ಮುಚ್ಚಿಹಾಕುತ್ತಾರೆ. ಕೆಲವರು ಕಟ್ಟೆಯ ಮೇಲೆ ಕೂಗಾಡಿ “ಇಂದಿನಿಂದ ನೀನು ಸಂಘದವನಲ್ಲ” ಎಂದುಬಿಡುತ್ತಾರೆ. ಇವೆರಡೂ ಸರಿಯಲ್ಲ.

ಒಂದು ಉದಾಹರಣೆ ನೋಡೋಣ. ಸಂಘವು ವಂತಿಗೆ ಕೂಡಿಸಿ ಔಷಧಿ ಹೊಡೆಯುವ ಪಂಪೊಂದನ್ನು ಕೊಂಡಿದೆ ಎನ್ನಿ. ತೊಗರಿಗೆ ಕಾಯಿಕೊರಕ ಬಿದ್ದ ವಾರದಲ್ಲೇ ಒಬ್ಬ ಸದಸ್ಯನು ಅದನ್ನು ಒಯ್ದು ನಾಲ್ಕು ದಿನವಾದರೂ ತಿರುಗಿ ತರಲಿಲ್ಲ. ಸರದಿ ಕಾದಿದ್ದವರ ಬೆಳೆಗೆ ಪೆಟ್ಟಾಯಿತು. ಅವನು ಪಕ್ಕದ ಊರಿನಲ್ಲಿ ಬಾಡಿಗೆಗೆ ಬಿಟ್ಟನೆಂದು ಒಬ್ಬರೆಂದರು. ಸಂಜೆಯ ಹೊತ್ತಿಗೆ ಮಾರಿಯೇಬಿಟ್ಟನೆಂದಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಅಂದೇ ಅವನನ್ನು ಹೊರಹಾಕಿದಿರಿ. ಮರುದಿನ ಅವನು ಪಂಪಿನೊಡನೆ ಪೇಟೆಯ ರಿಪೇರಿ ಅಂಗಡಿಯ ರಸೀದಿಯನ್ನು ತಂದಿಟ್ಟರೆ, ಅವನ ಮಾನವನ್ನು ತಿರುಗಿ ಕೊಡುವವರು ಯಾರು? ಅವನು ನಿಜವಾಗಿಯೂ ಬಾಡಿಗೆಗೆ ಬಿಟ್ಟಿದ್ದರೂ ಬರಹದಲ್ಲಿ ಏನೂ ಇಲ್ಲದಿದ್ದರೆ, ನಾಳೆ “ದ್ವೇಷದಿಂದ ತೆಗೆದರು” ಎಂದು ಅವನೇ ಹೇಳಬಲ್ಲನು.

ಇದು ಊರಿನ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ಬೆಳಗಾವಿಯ ಸಂಘವೊಂದು ತನ್ನ ಸದಸ್ಯರೊಬ್ಬರನ್ನು ತೆಗೆದುಹಾಕಿದ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ತೀರ್ಮಾನವಾಯಿತು. ಸದಸ್ಯನನ್ನು ಹೊರಹಾಕುವುದಾದರೆ ಸಂಘದ ನಿಯಮದಂತೆಯೇ ನಡೆಯಬೇಕು, ಆಪಾದನೆಯನ್ನು ಅವನಿಗೆ ತಿಳಿಸಬೇಕು, ಉತ್ತರ ಹೇಳಲು ಅವಕಾಶ ಕೊಡಬೇಕು, ಶುದ್ಧ ಮನಸ್ಸಿನಿಂದ ತೀರ್ಮಾನಿಸಬೇಕು ಎಂಬುದು ಅಲ್ಲಿ ಸ್ಪಷ್ಟವಾಯಿತು. ಆ ಸಂಘವು ಕ್ರಮ ತಪ್ಪಿರಲಿಲ್ಲವಾದ್ದರಿಂದ ಅದರ ತೀರ್ಮಾನ ಉಳಿಯಿತು.

ಆದಕಾರಣ ಈ ಕ್ರಮವನ್ನು ಅನುಸರಿಸಿರಿ.

1. ದೂರನ್ನು ಬರಹದಲ್ಲಿ ಪಡೆಯಿರಿ. ಯಾವ ದಿನ, ಎಲ್ಲಿ, ಏನು ನಡೆಯಿತು, ಕಂಡವರು ಯಾರು ಎಂಬುದಿರಲಿ. ಬರೆಯಲು ಬಾರದವರ ದೂರನ್ನು ಕಾರ್ಯದರ್ಶಿಯು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಲಿ.

2. ಮೊದಲು ಪುಸ್ತಕ ನೋಡಿರಿ. ಪಂಪನ್ನು ಒಯ್ದ ದಿನ, ತರಬೇಕಾದ ದಿನ, ಸಹಿ, ಇವು ಸಾಮಾನಿನ ಪುಸ್ತಕದಲ್ಲಿವೆಯೇ? ತಿರುಗಿ ತರಲು ದಿನವನ್ನೇ ಗೊತ್ತುಮಾಡಿರದಿದ್ದರೆ ತಪ್ಪಿನಲ್ಲಿ ಸಂಘಕ್ಕೂ ಪಾಲಿದೆ.

3. ಸದಸ್ಯನಿಗೆ ನೋಟೀಸು ಕೊಡಿರಿ. ಆಪಾದನೆ ಏನು, ನಿಯಮಾವಳಿಯ ಯಾವ ನಿಯಮ ಮುರಿದಿದೆ, ಉತ್ತರಕ್ಕೆ ಎಷ್ಟು ದಿನ, ಸಭೆ ಯಾವಾಗ ಎಂದು ತಿಳಿಸಿ ಪ್ರತಿಯ ಮೇಲೆ ಸಹಿ ಪಡೆಯಿರಿ. ನಿಯಮಾವಳಿಯಲ್ಲಿ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿರಿ.

4. ದೂರು ಕೊಟ್ಟವರು, ಅವನೊಡನೆ ಜಮೀನಿನ ವ್ಯಾಜ್ಯವಿರುವವರು, ಅವನ ಹತ್ತಿರದ ನೆಂಟರು ತೀರ್ಪು ಹೇಳಲು ಕುಳಿತುಕೊಳ್ಳಬಾರದು. ಅಧ್ಯಕ್ಷರೇ ದೂರುದಾರರಾದರೆ ಅಂದಿನ ಸಭೆಯನ್ನು ಬೇರೊಬ್ಬರು ನಡೆಸಲಿ.

5. ಅವನ ಮಾತನ್ನು ಪೂರ್ತಿ ಕೇಳಿರಿ. ಅವನು ತೋರಿಸುವ ರಸೀದಿ, ಕರೆತರುವ ಸಾಕ್ಷಿ ಎರಡನ್ನೂ ಬರೆದುಕೊಳ್ಳಿರಿ.

6. ತಪ್ಪಿಗೆ ತಕ್ಕ ಕ್ರಮವಿರಲಿ. ತಡಮಾಡಿದ್ದಕ್ಕೆ ಎಚ್ಚರಿಕೆ ಸಾಕು. ಮುರಿದುದಕ್ಕೆ ರಿಪೇರಿಯ ವೆಚ್ಚ ಕೇಳಬಹುದು. ಹೊರಹಾಕುವುದು ಕೊನೆಯ ಮಾತು. ಆ ಅಧಿಕಾರ ಕಾರ್ಯಕಾರಿ ಸಮಿತಿಯದೋ ಸಾಮಾನ್ಯ ಸಭೆಯದೋ ಎಂಬುದನ್ನು ನಿಯಮಾವಳಿಯಲ್ಲಿ ನೋಡಿರಿ.

ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಯಬಹುದು:

“ದಿನಾಂಕ ....ರ ಸಭೆಗೆ ....ಜನ ಹಾಜರು. ಸದಸ್ಯ ಶ್ರೀ ....ರವರು ಪಂಪನ್ನು ನಾಲ್ಕು ದಿನ ತಡವಾಗಿ ತಂದರೆಂಬ ದೂರನ್ನು ಓದಲಾಯಿತು. ನೋಟೀಸು ಮುಟ್ಟಿದೆ. ಅವರು ಹೇಳಿದ್ದು: .... ನೋಡಿದ ದಾಖಲೆ: .... ತೀರ್ಮಾನ ಮತ್ತು ಕಾರಣ: .... ಪರ ....ಮತ, ವಿರುದ್ಧ ....ಮತ.”

ಹಾಜರಿದ್ದವರ ಸಹಿ ಆಗಲೇ ಆಗಲಿ. ಪುಟಗಳಿಗೆ ಅಂಕಿ ಇರಲಿ, ನಡುವೆ ಖಾಲಿ ಜಾಗ ಬಿಡಬೇಡಿರಿ. ತಿದ್ದುವುದಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿರಿ. “ಅವನು ಮೊದಲಿನಿಂದಲೂ ಕಳ್ಳ”, “ಅವರ ಮನೆತನವೇ ಹಾಗೆ” ಎಂಬಂಥ ಮಾತು ಆ ಪುಸ್ತಕಕ್ಕೆ ಸೇರಕೂಡದು. ನಡೆದದ್ದನ್ನು ಬರೆಯಿರಿ, ಗುಣವನ್ನು ಅಳೆಯಬೇಡಿರಿ. ಆಪಾದನೆ ಸುಳ್ಳೆಂದು ಕಂಡರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದು ಸಭೆಯಲ್ಲಿ ಓದಿರಿ.

ಹಣ ಅಥವಾ ಸಾಮಾನು ಕದ್ದದ್ದು ಕಂಡುಬಂದರೆ ಪುಸ್ತಕಗಳೊಡನೆ ಪೊಲೀಸರಿಗೆ ದೂರು ಕೊಡಬೇಕು. ಊರಿನವರು ಅವನ ಮನೆಗೆ ಹೋಗಬಾರದು, ಬಾವಿಯ ನೀರು ಕೊಡಬಾರದು ಎಂದು ಕಟ್ಟುಮಾಡುವ ಅಧಿಕಾರ ಯಾವ ಸಂಘಕ್ಕೂ ಇಲ್ಲ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಿದ ಸಂಘಗಳಿಗೆ ಇನ್ನೊಂದು ಮಾತು. ಸದಸ್ಯರಲ್ಲಿ ಮೂರನೆಯ ಒಂದು ಭಾಗ ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿಗಳು ಸಂಘದ ವಿಚಾರಣೆ ನಡೆಸಬೇಕೆಂದು 25ನೆಯ ಕಲಮು ಹೇಳುತ್ತದೆ. ಅಂದು ನಿಮ್ಮ ಪರವಾಗಿ ನಿಲ್ಲುವುದು ಈ ಪುಸ್ತಕಗಳೇ. ಸಹಕಾರ ಸಂಘಗಳಿಗೆ 1959ರ ಕಾಯಿದೆ ಬೇರೆ ಇದೆ. ಅವರು ಅದರಂತೆ ನಡೆಯತಕ್ಕದ್ದು.

ಮುಂದಿನ ಸಭೆಯಲ್ಲಿ ನಿಮ್ಮ ನಿಯಮಾವಳಿಯನ್ನು ಗಟ್ಟಿಯಾಗಿ ಓದಿಸಿರಿ. ದೂರಿನ ವಿಚಾರಣೆಯ ನಿಯಮ ಅದರಲ್ಲಿ ಇಲ್ಲದಿದ್ದರೆ, ಯಾರ ಮೇಲೂ ದೂರಿಲ್ಲದ ಈ ಹೊತ್ತಿನಲ್ಲೇ ಅದನ್ನು ಸೇರಿಸಲು ಏರ್ಪಾಡು ಮಾಡಿಕೊಳ್ಳಿರಿ.