ಚಕ್ಕೋತದ ಎಲೆ ಯಾರ ಪಾಲು

ಹೆಣ್ಣು ಚಿಟ್ಟೆ ಮೊಟ್ಟೆಯಿಡಲು ಆಯ್ದುಕೊಳ್ಳುವ, ಮೊಟ್ಟೆಯೊಡೆದು ಬಂದ ಮರಿಹುಳು ಎಲೆ ತಿಂದು ಬೆಳೆಯುವ ಗಿಡವನ್ನು ಆಹಾರಸಸ್ಯ ಎಂದು ಕರೆಯುತ್ತಾರೆ. ಮಕರಂದ ಕೊಡುವ ಹೂಗಿಡಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು: ರೆಕ್ಕೆ ಬಂದ ಚಿಟ್ಟೆ ಲಂಟಾನದಿಂದ ಚೆಂಡುಹೂವಿನವರೆಗೆ ಸಿಕ್ಕ ಹೂವಿಗೆಲ್ಲ ಬಾಯಿಡುತ್ತದೆ, ಅದರ ಹುಳುವಾದರೋ ಸಾಮಾನ್ಯವಾಗಿ ಕೆಲವೇ ಜಾತಿಯ ಎಲೆಗಳನ್ನಲ್ಲದೆ ಬೇರೆಯದನ್ನು ಮುಟ್ಟುವುದಿಲ್ಲ. ತಾಯಿಚಿಟ್ಟೆ ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟ್ಟಿ ನೋಡಿ, ಆ ಕಾಲುಗಳಲ್ಲಿರುವ ರುಚಿಗ್ರಾಹಕಗಳು ಎಲೆಯ ರಸವನ್ನು ಗುರುತಿಸಿದ ಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಆದುದರಿಂದ ಹೂವಿನ ಕುಂಡಗಳನ್ನಷ್ಟೇ ಸಾಲಾಗಿ ಇಟ್ಟ ಅಂಗಳಕ್ಕೆ ಚಿಟ್ಟೆ ಬಂದು ಹೋಗುತ್ತದೆ, ಅಲ್ಲಿ ಹುಟ್ಟುವುದಿಲ್ಲ.

ದೇವನಹಳ್ಳಿ ಸೀಮೆಯಲ್ಲಿ ಇದನ್ನು ವಿವರಿಸುವ ಅಗತ್ಯವೇ ಬೀಳಬಾರದಿತ್ತು, ಏಕೆಂದರೆ ಇದೇ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸಿ ಬಾಳಿದ ಮನೆಗಳು ಇಲ್ಲಿವೆ, ಮತ್ತು ಹುಳುವಿಗೆ ಹಿಪ್ಪುನೇರಳೆ ಸೊಪ್ಪಲ್ಲದೆ ಬೇರೆ ಗತಿಯಿಲ್ಲ ಎಂಬುದು ಆ ಮನೆಗಳ ಮಕ್ಕಳಿಗೂ ಗೊತ್ತು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ನಿಶ್ಚಲವಾಗುವುದನ್ನು ಅವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿ, ಐದನೆಯ ಹಂತದಲ್ಲಿ ಹೊಟ್ಟೆತುಂಬ ಮೇದು ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಿಂದ ಹೆಣೆದ ತಟ್ಟೆಗೆ, ಬಿಡುತ್ತಾರೆ. ಪಕ್ಕದವರು ದ್ರಾಕ್ಷಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಸೊಪ್ಪಿನ ಮೇಲೆ ಕುಳಿತರೆ ಇಡೀ ಬೆಳೆ ಕೈಬಿಡುತ್ತದೆಂದು ಜಗಳಕ್ಕೆ ನಿಲ್ಲುವವರೂ ಅವರೇ. ಅಂಥ ಮನೆಗಳವರೂ ಚಕ್ಕೋತದ ಎಲೆಯ ಮೇಲೆ ಹುಳು ಕಂಡೊಡನೆ ಔಷಧಿಯ ಡಬ್ಬಕ್ಕೆ ಕೈ ಹಾಕುವುದೇಕೆ ಎಂಬ ಸಂಕಟವೇ ಈ ಬರಹಕ್ಕೆ ಕಾರಣ.

ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ನಿಂಬೆಯ ಕುಟುಂಬದ ಮರವಾಗಿದ್ದು, 2008ರಲ್ಲಿ ವಿಮಾನ ನಿಲ್ದಾಣ ತೆರೆದು ಸುತ್ತಲೂ ಬಡಾವಣೆಗಳು ಹಬ್ಬಿದ ಮೇಲೆ ತೋಟಗಳಲ್ಲಿ ಕಡಿಮೆಯಾಗುತ್ತ ಬಂದರೂ ಹಿತ್ತಿಲುಗಳಲ್ಲಿ ಇನ್ನೂ ಉಳಿದಿದೆ. ನಿಂಬೆ, ಕರಿಬೇವುಗಳಂತೆ ಚಕ್ಕೋತವೂ ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಎಂಬ ಎರಡು ಚಿಟ್ಟೆಗಳ ಆಹಾರಸಸ್ಯ. ಇವುಗಳ ಎಳೆಯ ಹುಳು ಕಂದು-ಬಿಳಿ ಬಣ್ಣದಲ್ಲಿ ಹಕ್ಕಿಯ ಹಿಕ್ಕೆಯಂತೆ ತೋರಿ ಹಕ್ಕಿಯ ಕಣ್ಣನ್ನೇ ತಪ್ಪಿಸುತ್ತದೆ. ನಾಲ್ಕನೆಯ ಸಲ ಪೊರೆ ಕಳಚಿದ ಬಳಿಕ ಎಲೆಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಮೆತ್ತನೆಯ ಕೊಂಬನ್ನು ಹೊರಚಾಚಿ ತೀಕ್ಷ್ಣ ವಾಸನೆ ಬೀರುತ್ತದೆ. ಶಾಸ್ತ್ರದಲ್ಲಿ ಅಸ್ಮಟೀರಿಯಂ ಎನಿಸಿಕೊಳ್ಳುವ ಈ ಅಂಗ ಇರುವೆಯಂಥ ಶತ್ರುಗಳನ್ನು ದೂರವಿಡಲು ಇರುವಂಥದು. ಮನುಷ್ಯರಿಗೆ ಅದರಿಂದ ಕೆಡುಕಿಲ್ಲ.

ಲೇಖಕಿ ತನ್ನ ಹಿತ್ತಿಲಿನಲ್ಲಿ ಚಕ್ಕೋತದ ಗಿಡವನ್ನೂ ಕರಿಬೇವಿನ ಸಾಲನ್ನೂ ಬೆಳೆಸಿದ್ದು ಹುಳುವಿಗಾಗಿಯೇ ಎಂಬುದನ್ನು ನೆಂಟರಿಷ್ಟರೆಲ್ಲರಿಗೂ ಹೇಳಿದ್ದಳು. ಮುಂಗಾರಿನ ಮಳೆಗೆ ಒಡೆದ ಚಿಗುರಿನ ಮೇಲೆ ಮೊಟ್ಟೆಗಳು ಕಾಣಿಸಿಕೊಂಡು, ಹುಳುಗಳು ಹಸಿರು ಬಣ್ಣಕ್ಕೆ ತಿರುಗಿ, ಎಲೆಗಳಲ್ಲಿ ನಡುನರವಷ್ಟೇ ಉಳಿದಿದ್ದ ಹೊತ್ತಿನಲ್ಲಿ, ದ್ರಾಕ್ಷಿ ತೋಟ ಮಾಡಿ ಪಳಗಿದ ಭಾವ, ಅಂದರೆ ಅಕ್ಕನ ಗಂಡ, ಮನೆಗೆ ಬಂದಿದ್ದರು. ಲೇಖಕಿ ಸಂತೆಗೆ ಹೋಗಿದ್ದ ಸಮಯ ನೋಡಿ ಅವರು ತಮ್ಮ ಗಾಡಿಯಲ್ಲಿದ್ದ ಬೆನ್ನಿಗೆ ಹಾಕುವ ಪಂಪನ್ನು ಇಳಿಸಿ, ತೋಟಕ್ಕೆಂದು ತಂದಿದ್ದ ಔಷಧಿಯನ್ನು ಬೆರೆಸಿ, ಚಕ್ಕೋತದ ಬುಡದಿಂದ ತುದಿಯವರೆಗೆ, ಅಡುಗೆಗೆ ಕೀಳುವ ಕರಿಬೇವನ್ನೂ ಬಿಡದೆ, ಹೊಡೆದಿದ್ದರು.

ಗೇಟು ತೆರೆಯುವ ಮೊದಲೇ ಬೆಳ್ಳುಳ್ಳಿಯಂಥ ಕಟುವಾಸನೆ ಮೂಗಿಗೆ ಬಡಿಯಿತು. ಗಿಡದ ಬಳಿ ಹೋದಾಗ ಹುಳುಗಳು ಇನ್ನೂ ಸತ್ತಿರಲಿಲ್ಲ ಎಂಬುದೇ ಅತ್ಯಂತ ಕಷ್ಟದ ಸಂಗತಿಯಾಗಿತ್ತು. ಈ ಬಗೆಯ ರಂಜಕಯುಕ್ತ ಕೀಟನಾಶಕಗಳು ನರಸಂಕೇತವನ್ನು ಶಮನಗೊಳಿಸುವ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಸ್ನಾಯುಗಳು ಬಿಡುವಿಲ್ಲದೆ ಅದುರಿ ಸೆಟೆದುಕೊಳ್ಳುತ್ತವೆ; ಪುಸ್ತಕದಲ್ಲಿ ಒಂದು ವಾಕ್ಯವಾಗಿ ಮುಗಿಯುವ ಈ ಕ್ರಿಯೆ ಗಿಡದ ಮೇಲೆ ಗಂಟೆಗಟ್ಟಲೆ ನಡೆಯಿತು. ಕೆಲವು ಹುಳುಗಳು ಯಾರೂ ಮುಟ್ಟದಿದ್ದರೂ ಕೊಂಬು ಹೊರಚಾಚಿ ಒಳಗೆಳೆದುಕೊಳ್ಳಲಾರದೆ ಹೊರಳುತ್ತಿದ್ದವು, ಕೆಲವು ತಿಂದ ಎಲೆಯನ್ನೆಲ್ಲ ಹಸಿರು ದ್ರವವಾಗಿ ಕಾರುತ್ತಿದ್ದವು, ಇನ್ನು ಕೆಲವು ಹಿಂಗಾಲುಗಳ ಹಿಡಿತ ಮಾತ್ರ ಉಳಿದು ತಲೆಕೆಳಗಾಗಿ ಜೋತುಬಿದ್ದಿದ್ದವು. ಬಕೆಟ್ಟಿನಿಂದ ನೀರು ಎರಚಿ ಎಲೆ ತೊಳೆದದ್ದರಿಂದ ಏನೂ ಆಗಲಿಲ್ಲ, ಏಕೆಂದರೆ ವಿಷ ಆಗಲೇ ಚರ್ಮದ ಮೂಲಕ ಒಳಹೊಕ್ಕಿತ್ತು. ನೆಲಕ್ಕೆ ಬಿದ್ದವುಗಳತ್ತ ಇರುವೆಯ ಸಾಲು ಹರಿದುಬರತೊಡಗಿತು. ಅದೇ ಹೊತ್ತಿಗೆ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಭಾವ, ತಾವು ಬಾರದಿದ್ದರೆ ಗಿಡವೇ ಬೋಳಾಗುತ್ತಿತ್ತೆಂದು ಅಭಿಮಾನದಿಂದ ಹೇಳಿದರು. ಅಕ್ಕ ಅವರ ಮಾತಿಗೆ ತಲೆದೂಗಿದಳು, ಹುಳು ಸಾಕಿದ ಮನೆಯಲ್ಲಿಯೇ ಹುಟ್ಟಿ ಬೆಳೆದವಳಾಗಿಯೂ.

ಬೋಳಾಗುತ್ತಿತ್ತೆಂಬ ವಾದದಲ್ಲಿ ಅರ್ಧ ಸತ್ಯವಿದೆ. ನರ್ಸರಿಯ ಎಳೆಯ ಸಸಿಯನ್ನು ಈ ಹುಳುಗಳು ಪೂರ್ತಿ ಬರಿದುಮಾಡಿ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲವು. ಬೇರೂರಿದ ಗಿಡ ಮಾತ್ರ ಮತ್ತೆ ಚಿಗುರುತ್ತದೆ. ಸುಮ್ಮನೆ ಬಿಟ್ಟಿದ್ದರೂ ಎಲ್ಲ ಹುಳುಗಳು ಚಿಟ್ಟೆಯಾಗುತ್ತಿರಲಿಲ್ಲ ಎಂಬುದಕ್ಕೆ ಅಂಗಳದಲ್ಲಿಯೇ ಸಾಕ್ಷಿ ದೊರೆಯಿತು: ಔಷಧಿ ಬೀಳುವ ಮೊದಲೇ ಗಿಡ ಬಿಟ್ಟು ಕಾಂಪೌಂಡು ಗೋಡೆಗೆ ಹೋಗಿ ಕೋಶಕಟ್ಟಿದ್ದ ಒಂದರಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬಂದವು. ಬೇರೆ ಕೀಟದ ಒಡಲಲ್ಲಿ ಮೊಟ್ಟೆಯಿಟ್ಟು ಅದನ್ನೇ ತಿಂದು ಬೆಳೆಯುವ ಇಂಥವನ್ನು ಪರಾವಲಂಬಿ ಎನ್ನುತ್ತಾರೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆಹುಳುವಿಗೆ ಮಾಡುವ ಹಾವಳಿಯೂ ಇದೇ ಬಗೆಯದು. ರೇಷ್ಮೆಯ ಮನೆಯಲ್ಲಿ ಅದು ನಷ್ಟ. ಹಿತ್ತಿಲಿನಲ್ಲಿ ಹುಳುವಿನ ಸಂಖ್ಯೆಯನ್ನು ಹತೋಟಿಯಲ್ಲಿಡುವ, ಕೂಲಿ ಕೇಳದ ಏರ್ಪಾಡು. ಭಾವನ ಪಂಪು ಹುಳುವಿಗೂ ಕಣಜಕ್ಕೂ ನಡುವೆ ಭೇದ ಮಾಡಲಾರದು. ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಯೊಬ್ಬರು ಸ್ವಚ್ಛತೆಯ ಹೆಸರಿನಲ್ಲಿ ಖಾಲಿ ನಿವೇಶನಗಳ ಎಕ್ಕ, ಹರಳುಗಳನ್ನು ಬುಡಸಮೇತ ಕೀಳಿಸಿ ಅಲ್ಲಿ ಆಮದು ಹುಲ್ಲು ಹಾಸಿಸಿದ್ದು ಇದೇ ಮನೋಧರ್ಮದ ಇನ್ನೊಂದು ರೂಪ.

ಆಹಾರಸಸ್ಯ ಬೆಳೆಸಲು ಬಯಸುವವರು ಗಮನಿಸಬೇಕಾದ ಸಂಗತಿಗಳು ಕೆಲವೇ. ಬಯಲುಸೀಮೆಯ ಒಣ ಹವೆಗೆ ಎಕ್ಕ, ಹರಳು, ಕಕ್ಕೆ, ಈಶ್ವರಿ ಬಳ್ಳಿಗಳು ಒಗ್ಗುತ್ತವೆ; ಇವು ಕ್ರಮವಾಗಿ ಪ್ಲೇನ್ ಟೈಗರ್, ಕಾಮನ್ ಕ್ಯಾಸ್ಟರ್, ಕಾಮನ್ ಎಮಿಗ್ರಂಟ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಆಹಾರ. ಚಕ್ಕೋತದ ಜೊತೆಗೆ ಈಶ್ವರಿ ಬಳ್ಳಿಯನ್ನೂ ಬೆಳೆಸಿದರೆ ಒಂದು ವಿಶೇಷವುಂಟು: ಬಳ್ಳಿಯನ್ನು ತಿಂದು ಹಕ್ಕಿಗಳಿಗೆ ಅರುಚಿಯಾಗುವ ರೋಸ್ ಚಿಟ್ಟೆಗಳ ವೇಷವನ್ನು ಕಾಮನ್ ಮಾರ್ಮನ್ನಿನ ಕೆಲವು ಹೆಣ್ಣುಗಳು ತೊಡುತ್ತವೆ, ಮತ್ತು ಈ ಅನುಕರಣೆಯನ್ನು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ನಿಯಂತ್ರಿಸುತ್ತದೆಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ. ನರ್ಸರಿಯಿಂದ ತಂದ ಸಸಿಯೊಳಗೆ ಮೊದಲೇ ಹಾಕಿದ ಅಂತರ್ವ್ಯಾಪಿ ಕೀಟನಾಶಕ, ಅಂದರೆ ಬೇರಿನಿಂದ ಎಲೆಯವರೆಗೆ ಹರಡುವ ವಿಷ, ವಾರಗಟ್ಟಲೆ ಉಳಿಯಬಹುದಾದ್ದರಿಂದ ಬೀಜ ಅಥವಾ ಕಡ್ಡಿಯಿಂದ ತಾವೇ ಗಿಡ ಮಾಡಿಕೊಳ್ಳುವುದು ಒಳಿತು. ಒಗ್ಗರಣೆಯ ಕರಿಬೇವು ಬೇರೆ, ಹುಳುವಿನ ಕರಿಬೇವು ಬೇರೆ ಎಂದು ಎರಡು ಗಿಡವಿಟ್ಟರೆ ಮನೆಯೊಳಗಿನ ಆಕ್ಷೇಪ ತಗ್ಗುತ್ತದೆ. ಇಷ್ಟಾಗಿಯೂ ಎಲೆ ಹರಿದು ತೂತಾಗುವುದನ್ನು ನೋಡಲಾರದವರು ಈ ಕೆಲಸಕ್ಕೆ ಇಳಿಯಬಾರದು. ತಿಂದು ಮುಗಿಸಿದ ಎಲೆಯೇ ಇಲ್ಲಿ ಫಸಲು. ಭಾವ ಈಗಲೂ ಹಬ್ಬಕ್ಕೆ ಬರುತ್ತಾರೆ, ಗಿಡ ಉಳಿಸಿದ್ದು ತಾವೇ ಎನ್ನುತ್ತಾರೆ. ಪಂಪನ್ನು ತಮ್ಮೂರಿನಲ್ಲಿಯೇ ಬಿಟ್ಟು ಬರಬೇಕೆಂಬುದು ಈಗ ಆ ಮನೆಯ ನಿಯಮವಾಗಿದೆ.