ಐದೇ ಎಲೆ, ಹದಿನೈದು ಮಂದಿ

ಅಮೆರಿಕದ ವಿಶ್ವವಿದ್ಯಾಲಯವೊಂದರ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ವಿಡಿಯೊ ನೋಡಿಕೊಳ್ಳುವುದು ನನ್ನ ಕೆಲಸ. ಪಂದ್ಯ ಮುಗಿದ ರಾತ್ರಿಯೇ ಅದನ್ನು ಕತ್ತರಿಸಿ, ಒಬ್ಬೊಬ್ಬ ಹುಡುಗಿಯ ಪಾಲಿನ ತುಣುಕುಗಳನ್ನು ಅವಳವಳ ಟ್ಯಾಬ್‌ಗೆ ಕಳಿಸಬೇಕು. ಆಡದವಳಿಗೆ ಕಳಿಸಲು ಏನೂ ಇರುವುದಿಲ್ಲ. ಮೈಸೂರಿನ ಸಿಮೆಂಟ್ ಅಂಕಣದಲ್ಲಿ ಆಡಿ ಬೆಳೆದ ನಾನು ಬೆಂಚಿನ ಸಂಕಟ ಬಲ್ಲೆ ಅಂದುಕೊಂಡಿದ್ದೆ. ಇಲ್ಲಿ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

1. ಮೊದಲು ಗುಣಾಕಾರ ಮಾಡಿ

ಕಾಲೇಜು ಮಹಿಳಾ ಪಂದ್ಯ ಎಂದರೆ ಹತ್ತು ಹತ್ತು ನಿಮಿಷದ 4 ಕ್ವಾರ್ಟರ್. ಅಂಕಣದಲ್ಲಿ ಐವರು. ನಲವತ್ತನ್ನು ಐದರಿಂದ ಗುಣಿಸಿದರೆ 200 ನಿಮಿಷ, ಅಷ್ಟೆ. ಶುರುವಿನ ಐವರು ತಲಾ 32 ನಿಮಿಷ ಆಡಿದರೆ ಅಲ್ಲಿಗೆ 160 ಮುಗಿಯಿತು. ಉಳಿದ 40 ನಿಮಿಷಕ್ಕೆ ಹತ್ತು ಜನ ಕಾದು ಕೂತಿರುತ್ತಾರೆ. ಆ ಹತ್ತೂ ಜನ ಹೈಸ್ಕೂಲಿನಲ್ಲಿ ಬೆಂಚಿನ ಮುಖ ನೋಡಿದವರಲ್ಲ. 'ನಮ್ಮ ಮಗಳಿಗೇಕೆ ಅವಕಾಶವಿಲ್ಲ' ಎನ್ನುವ ಅಪ್ಪಂದಿರಿಗೆ ನಾನು ಈ ಲೆಕ್ಕವನ್ನೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಸಿಟ್ಟು ಇಳಿಯುವುದಿಲ್ಲ, ಪ್ರಶ್ನೆ ಮಾತ್ರ ಬದಲಾಗುತ್ತದೆ.

2. ಜನ ಚೆಂಡು ನೋಡುತ್ತಾರೆ, ಕೋಚ್ ಕಾಲು ನೋಡುತ್ತಾರೆ

'ಅಭ್ಯಾಸದಲ್ಲಿ ನನ್ನಷ್ಟು ಶಾಟ್ ಹಾಕುವವರು ಯಾರಿದ್ದಾರೆ?' ಎಂದು ಹೊಸಬಳೊಬ್ಬಳು ನನ್ನ ಕೋಣೆಗೆ ಬಂದಳು. ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ ಒಂದು ದೃಶ್ಯ ನಿಲ್ಲಿಸಿದೆ. ಎದುರಾಳಿ ಎಡಗಡೆಯ ಬೇಸ್‌ಲೈನ್ ಹಿಡಿದು ನುಗ್ಗುತ್ತಿದ್ದಾಳೆ. ಬಲಗಡೆ ಇದ್ದ ಇವಳು ಬುಟ್ಟಿಯ ಕೆಳಗೆ ಬಂದು ಅಡ್ಡ ನಿಲ್ಲಬೇಕಿತ್ತು. ಕಣ್ಣು ಚೆಂಡಿನ ಮೇಲಿದೆ, ಹಿಮ್ಮಡಿ ಮಾತ್ರ ನೆಲಕ್ಕೆ ಅಂಟಿದೆ. ಒಂದು ಹೆಜ್ಜೆ ತಡ. ಅಂಥವೇ ಇನ್ನೂ ಆರು ತುಣುಕು ಹಾಕಿದೆ. ಕೊನೆಯದನ್ನು ನಾನು ನಿಲ್ಲಿಸುವ ಮೊದಲೇ ಅವಳು ಕೀಲಿ ಒತ್ತಿ, 'ಹೆಲ್ಪ್‌ಗೆ ಬರಲಿಲ್ಲ' ಎಂದಳು. ಬದಲಿ ಆಟಗಾರ್ತಿಗೆ ಕೊಡುವ ನಾಲ್ಕು ನಿಮಿಷದಲ್ಲಿ ಅವಳು ಎಷ್ಟು ಗಳಿಸಿದಳು ಎಂಬುದಕ್ಕಿಂತ, ತಂಡ ಎಷ್ಟು ಕಳೆದುಕೊಂಡಿತು ಎಂಬುದನ್ನೇ ಕೋಚ್ ಲೆಕ್ಕ ಹಾಕುತ್ತಾರೆ.

3. ಎರಡನೇ ಪಂಕ್ತಿಯಲ್ಲೂ ಊಟ ಇರುತ್ತದೆ

ಸೆಂಟರ್ ಆಟಗಾರ್ತಿ ಕಮಿಲಾ ಕಾರ್ಡೋಸೊ 2021ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯ ಬಿಟ್ಟು ಸೌತ್ ಕೆರೊಲಿನಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಆ ಜಾಗದಲ್ಲಿ ಆಗಲೇ ಅಲಿಯಾ ಬೋಸ್ಟನ್ ಇದ್ದರು. ಕಾರ್ಡೋಸೊ ಎರಡು ಋತು ಹೆಚ್ಚಾಗಿ ಬೆಂಚಿನಿಂದಲೇ ಎದ್ದು ಬಂದು ಆಡಿದರು. ಬೋಸ್ಟನ್ ಹೋದ ಮೇಲೆ, 2024ರಲ್ಲಿ, ತಂಡ 38 ಪಂದ್ಯವನ್ನೂ ಗೆದ್ದಿತು; ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟದ (ಫೈನಲ್ ಫೋರ್) ಶ್ರೇಷ್ಠ ಆಟಗಾರ್ತಿ ಕಾರ್ಡೋಸೊ. ಅಯೋವಾ ವಿರುದ್ಧದ ಆ ಫೈನಲ್ 87-75ರಲ್ಲಿ ಮುಗಿದರೆ, ಬರೀ ಬೆಂಚಿನವರ ಅಂಕ ಸೌತ್ ಕೆರೊಲಿನಾಕ್ಕೆ 37, ಅಯೋವಾಕ್ಕೆ ಸೊನ್ನೆ. ಹುಡುಗರ ಹಾಗೆ ಒಂದೇ ವರ್ಷ ಆಡಿ ವೃತ್ತಿಪರ ಲೀಗಿಗೆ ಹಾರುವ ದಾರಿ ಇಲ್ಲಿ ಇಲ್ಲ. ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ನಡೆಸುವ ಆಟಗಾರ್ತಿಯರ ಆಯ್ಕೆಗೆ (ಡ್ರಾಫ್ಟ್) ಸಾಮಾನ್ಯವಾಗಿ 22 ವರ್ಷವಾಗಬೇಕು, ಇಲ್ಲವೇ ಪದವಿ ಮುಗಿದಿರಬೇಕು. ಹೇಗೂ ನಾಲ್ಕು ವರ್ಷ ಕೈಯಲ್ಲಿದೆ ಎಂದಮೇಲೆ, ಮೊದಲ ವರ್ಷದ ಡಿಸೆಂಬರಿನಲ್ಲೇ ಬಾಳು ಮುಗಿಯಿತು ಎಂದು ಅಳಬೇಕಿಲ್ಲ.

4. ತಂಡದ ಹೆಸರು ನೋಡಬೇಡಿ, ನಿಮ್ಮ ಕೆಲಸವೇನು ಎಂದು ಕೇಳಿ

ಮೊದಲೆಲ್ಲ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ, ಕಾಲೇಜು ಬದಲಿಸಬಯಸುವವರ ಹೆಸರು ದಾಖಲಾಗುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು, 2024ರಲ್ಲಿ ಓದು ಸರಿಯಿದ್ದರೆ ಎಷ್ಟು ಸಲವಾದರೂ ಹೋಗಬಹುದು ಎಂದಾಯಿತು. ಏಂಜೆಲ್ ರೀಸ್ 2022ರಲ್ಲಿ ಮೇರಿಲ್ಯಾಂಡ್‌ನಿಂದ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಹೋಗಿ, ಮರುವರ್ಷವೇ ಆ ತಂಡಕ್ಕೆ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದರು. 2023ರಲ್ಲಿ ಲೂಯಿವಿಲ್‌ನಿಂದ ಅದೇ ಎಲ್‌ಎಸ್‌ಯುಗೆ ಬಂದ ಹೇಲಿ ವ್ಯಾನ್ ಲಿತ್ ಕೈಗೆ ಪಾಯಿಂಟ್ ಗಾರ್ಡ್ ಕೆಲಸ ಬಂತು. ಅಂಕ ಗಳಿಸಿ ಅಭ್ಯಾಸವಿದ್ದವರು ಆಟ ಕಟ್ಟಿಕೊಡಬೇಕಾಯಿತು. ಸರಾಸರಿ ಕುಸಿಯಿತು. ಮುಂದಿನ ವರ್ಷ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯಕ್ಕೆ (ಟಿಸಿಯು) ಹೋಗಿ, ಆ ತಂಡವನ್ನು ಮೊಟ್ಟಮೊದಲ ಬಾರಿಗೆ ಕೊನೆಯ ಎಂಟರ ಘಟ್ಟಕ್ಕೆ ಮುಟ್ಟಿಸಿದರು. ಒಂದೇ ಮನೆ ಒಬ್ಬರಿಗೆ ಕೂಡಿಬಂತು, ಇನ್ನೊಬ್ಬರಿಗೆ ಬರಲಿಲ್ಲ. ಹಾಗಾಗಿ ಕರೆಯುವ ಕೋಚ್‌ಗೆ ಮೂರು ಪ್ರಶ್ನೆ ಕೇಳಿ: ನನ್ನ ಜಾಗದಿಂದ ಈ ವರ್ಷ ಯಾರು ಹೊರಡುತ್ತಾರೆ? ಅದೇ ಜಾಗಕ್ಕೆ ಇನ್ನೆಷ್ಟು ಜನರನ್ನು ಕರೆದಿದ್ದೀರಿ? ಕೊನೆಯ ಎರಡು ನಿಮಿಷ ಚೆಂಡು ಯಾರ ಕೈಯಲ್ಲಿರುತ್ತದೆ? ಆ ಮನೆಯಲ್ಲೂ ಹಾಕುವುದು ಐದೇ ಎಲೆ.

5. ಅಂಕಪಟ್ಟಿಯನ್ನೂ ಜೊತೆಗೆ ಕಟ್ಟಿಕೊಳ್ಳಿ

ಪೋರ್ಟಲ್‌ಗೆ ಹೆಸರು ಸೇರಿದ ಮೇಲೆ ಹಳೆಯ ಕಾಲೇಜು ಮುಂದಿನ ಅವಧಿಯ ಸ್ಕಾಲರ್‌ಶಿಪ್ ಉಳಿಸಿಕೊಡಲೇಬೇಕೆಂದಿಲ್ಲ. ಎರಡು ವರ್ಷ ಮುಗಿಯುವಾಗ ಪದವಿಯ 40%, ಮೂರು ಮುಗಿಯುವಾಗ 60% ಓದು ಪೂರ್ತಿಯಾಗಿರಬೇಕೆಂಬ ನಿಯಮವಿದೆ. ಹೊಸ ಕಾಲೇಜು ಹಳೆಯ ಕ್ರೆಡಿಟ್‌ಗಳನ್ನು ಒಪ್ಪದಿದ್ದರೆ ನಿಮಿಷ ಸಿಗುವುದಿರಲಿ, ಜರ್ಸಿ ತೊಡುವುದೇ ಕಷ್ಟ. ಊರಿನಿಂದ ವಿಚಾರಿಸುವವರಿಗೆ ಇನ್ನೊಂದು ಮಾತು: ವಿದ್ಯಾರ್ಥಿ ವೀಸಾದಲ್ಲಿರುವವರು ವೀಸಾ ದಾಖಲೆಯನ್ನೂ ವರ್ಗಾಯಿಸಿಕೊಳ್ಳಬೇಕು. ಇಲ್ಲಿಯವರಂತೆ ಜಾಹೀರಾತಿನ ಹಣಕ್ಕೆ ಸಲೀಸಾಗಿ ಕೈಚಾಚುವಂತಿಲ್ಲ.

6. ಗೊತ್ತಿದ್ದವರು ಬಾಯಿ ಬಿಡಬೇಕು

ಇದು ನನ್ನ ತಪ್ಪಿನಿಂದ ಕಲಿತ ಪಾಠ. ಒಂದು ಋತುವಿನಲ್ಲಿ ಒಬ್ಬ ಹುಡುಗಿಯ ನಿಮಿಷ 17, 12, 9, 4 ಎಂದು ಇಳಿಯುವುದನ್ನು ನಾನೇ ನಮೂದಿಸುತ್ತಿದ್ದೆ. ಕಾರಣವೂ ತುಣುಕುಗಳಲ್ಲಿ ಕಾಣುತ್ತಿತ್ತು. ಹೇಳುವುದು ಕೋಚ್ ಕೆಲಸ, ನನಗೇಕೆ ಎಂದು ಸುಮ್ಮನಿದ್ದೆ. ಕೋಚ್‌ಗಳೂ ಅವಳಿಗೆ ಅರ್ಥವಾಗಿರಬೇಕು ಅಂದುಕೊಂಡು ಸುಮ್ಮನಿದ್ದರು. ಏಪ್ರಿಲ್‌ನಲ್ಲಿ ಅವಳು ಪೋರ್ಟಲ್ ಸೇರಿದಳು. ವಾಪಸು ಕೊಟ್ಟ ಟ್ಯಾಬ್‌ನ ಲೆಕ್ಕ ಮುಗಿಸುವಾಗ ನೋಡಿದೆ: ಆ ನಾಲ್ಕು ನಿಮಿಷದ ವಿಡಿಯೊವನ್ನು ಅವಳು 19 ಸಲ ತೆರೆದಿದ್ದಳು. ಯಾರೂ ಹೇಳದ್ದನ್ನು ಒಬ್ಬಳೇ ಹುಡುಕಿದ್ದಳು.

ಈಗ ಕೋಚ್‌ಗಳ ಒಪ್ಪಿಗೆ ಪಡೆದು, ಪ್ರತಿ ಸೋಮವಾರ ಬೆಂಚಿನವರಿಗೂ ಅಭ್ಯಾಸದ ಮೂರು ತುಣುಕು ಕಳಿಸುತ್ತೇನೆ. ಸರಿಯಾದದ್ದು ಒಂದು, ತಪ್ಪಿದ್ದು ಎರಡು. ಕೆಳಗೆ ಒಂದು ಸಾಲಿನ ಕಾರಣ. ಆಮೇಲೂ ಕೆಲವರು ಹೊರಡುತ್ತಾರೆ. ಯಾಕೆ ಹೊರಟೆವು ಎಂದು ಗೊತ್ತಿದ್ದು ಹೊರಡುತ್ತಾರೆ.